ಸ್ಕಾಟ್‌ಲೆಂಡಿನ ಹಳೇ ಸಮಾಧಿ ಕಲ್ಲಿನ ಮೇಲೆ ಸುತ್ತಿಗೆ, ಕಿರೀಟ ಯಾಕಿದೆ? ತಿಳಿದವರು ಹೇಳಿ

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ನಾನು ಓದೋಕೆ ಅಂತ ಡಂಡಿಗೆ ಬಂದು ಆರು ತಿಂಗಳಾಯಿತು. ಹೋದ ಶನಿವಾರ ಆಂಗಸ್ ಕಡೆ ಒಂದು ಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸುಮ್ನೆ ನಿಲ್ಲೋದು ಯಾಕೆ ಅಂತ ಪಕ್ಕದ ಚರ್ಚಿನ ಅಂಗಳಕ್ಕೆ ಹೋದೆ, ಬಸ್ಸೂ ತಪ್ಪಿತು, ಮುಂದಿನ ಬಸ್ಸೂ ತಪ್ಪಿತು. ಒಂದು ಕಲ್ಲು ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟಿತು ನೋಡಿ. ಸುಮಾರು ಎದೆಯೆತ್ತರ, 1763 ಅಂತ ಇಸವಿ. ಕೆಳಗೆ ತಲೆಬುರುಡೆ, ಅಡ್ಡ ಇಟ್ಟ ಎರಡು ಮೂಳೆ, ಮರಳು ಗಡಿಯಾರ. ಮೇಲ್ಗಡೆ ರೆಕ್ಕೆ ಇರುವ ದುಂಡು ಮುಖ. ಹಿಂದೆ ಹೋಗಿ ನೋಡಿದರೆ ಒಂದು ಸುತ್ತಿಗೆ, ಅದರ ಮೇಲೆ ಕಿರೀಟ! ರಾಜಮನೆತನದವರು ಹಳ್ಳಿಯಲ್ಲಿ ಹೀಗೆ ಮಲಗಿರ್ತಾರಾ? ಇನ್ನೊಂದು, ಗಂಡ ಹೆಂಡತಿ ಇಬ್ಬರ ಹೆಸರೂ ಇದೆ, ಆದರೆ ಮನೆತನದ ಹೆಸರು ಬೇರೆ ಬೇರೆ. ಮದುವೆ ಆಗಿರಲಿಲ್ಲವಾ? ಕೆಳಗಿನ ಸಾಲುಗಳು ಸವೆದು ಓದೋಕೇ ಆಗ್ತಿಲ್ಲ. ಏನಾದರೂ ಹಚ್ಚಿ ಓದಬಹುದಾ?

ಪುಟ್ಟರಾಜು_ಎಡಿನ್‌ಬರ್ಗ್:
ಸುಲಭ. ಮೈದಾಹಿಟ್ಟು ಉಜ್ಜಿ, ಇಲ್ಲಾ ಶೇವಿಂಗ್ ಫೋಮ್ ಹಚ್ಚಿ ಸ್ಕೇಲಿನಿಂದ ಒರೆಸಿ. ಅಕ್ಷರ ಎದ್ದು ಕಾಣ್ತವೆ, ವಿಡಿಯೋದಲ್ಲಿ ನೋಡಿದ್ದೆ. ಆಮೇಲೆ ಈ ಕಡೆ ಬಂದಾಗ ಗ್ರೇಫ್ರಯರ್ಸ್ ಅನ್ನೋ ಹಳೇ ಸ್ಮಶಾನ ನೋಡಿ. ಅಲ್ಲಿ ಕೆಲವು ಗೋರಿಗಳ ಮೇಲೆ ಕಬ್ಬಿಣದ ಪಂಜರ ಇದೆ, ಹೆಣ ದೆವ್ವವಾಗಿ ಎದ್ದು ಬರಬಾರದು ಅಂತ ಹಾಕಿದ್ದಂತೆ 😄

ಕಲ್ಲುಹುಳ:
ಪುಟ್ಟರಾಜು, ನಿಮ್ಮ ಕಾಲಿಗೆ ಬೀಳ್ತೀನಿ, ಹಿಟ್ಟು ಫೋಮ್ ಎರಡೂ ಬೇಡ. ಆ ಕಡೆಯ ಕಲ್ಲು ಜಾಸ್ತಿ ಮರಳುಗಲ್ಲು. ಅದು ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತೆ. ಫೋಮಿನ ರಾಸಾಯನಿಕ ಒಳಗೆ ಇಳಿದು ಅಲ್ಲೇ ಕೂರುತ್ತೆ, ಹಿಟ್ಟು ಬೂಷ್ಟಿಗೆ ಊಟ. ತಂತಿ ಬ್ರಷ್ ಹಿಡಿದರಂತೂ ಮುನ್ನೂರು ವರ್ಷ ಉಳಿದ ಅಕ್ಷರ ಐದು ನಿಮಿಷಕ್ಕೆ ಪುಡಿ. ಮೇಲೆ ಬೆಳೆದ ಕಲ್ಲುಹೂವನ್ನೂ ಕೆರೆಯಬೇಡಿ.

ಮಳೆಬಿಲ್ಲು, ಸಂಜೆ ಕತ್ತಲಾಗುವಾಗ ಟಾರ್ಚ್ ತಗೊಂಡು ಹೋಗಿ. ಕಲ್ಲಿಗೆ ಎದುರಾಗಿ ಬಿಡಬೇಡಿ. ಅಂಚಿನಿಂದ, ಕಲ್ಲಿನ ಮೈಗೆ ಹೆಚ್ಚು ಕಡಿಮೆ ಒರಗಿಸಿದ ಹಾಗೆ ಬಿಡಿ. ತಗ್ಗಿನಲ್ಲಿ ನೆರಳು ತುಂಬಿಕೊಳ್ಳುತ್ತೆ, ಇಲ್ಲವೇ ಇಲ್ಲ ಅಂದುಕೊಂಡಿದ್ದ ಅಕ್ಷರ ಎದ್ದು ಬರುತ್ತೆ. ಹಗಲಲ್ಲಿ ಬಿಸಿಲಿದ್ದರೆ (ಇದ್ದರೆ!) ಒಂದು ಕನ್ನಡಿ ಹಿಡಿದು ಬೆಳಕು ತಿರುಗಿಸಿದರೂ ಸಾಕು.

ಈಗ ಸುತ್ತಿಗೆ. ರಾಜನೂ ಅಲ್ಲ ಗೀಜನೂ ಅಲ್ಲ, ಕಮ್ಮಾರ. ಸುತ್ತಿಗೆಯ ಮೇಲೆ ಕಿರೀಟ ಅಂದರೆ ಹ್ಯಾಮರ್‌ಮೆನ್ ಅನ್ನೋ ಕಸುಬುದಾರರ ಸಂಘದ ಗುರುತು. ಲೋಹದ ಕೆಲಸದವರೆಲ್ಲ ಅದರಲ್ಲಿ ಸೇರುತ್ತಿದ್ದರು. ನೇಕಾರನ ಕಲ್ಲಲ್ಲಿ ಲಾಳಿ, ದರ್ಜಿಯದಲ್ಲಿ ಕತ್ತರಿ ಮತ್ತು ಇಸ್ತ್ರಿ, ಬ್ರೆಡ್ ಸುಡುವವನದಲ್ಲಿ ಒಲೆಗೆ ಬ್ರೆಡ್ ತಳ್ಳುವ ಉದ್ದ ಹಿಡಿಯ ಹಲಗೆ, ರೈತನದಲ್ಲಿ ನೇಗಿಲಿನ ಗುಳ. ವೀರಗಲ್ಲು ಓದಿ ಅಭ್ಯಾಸ ಇರುವವರಿಗೆ ಇದೇನು ಕಷ್ಟ ಅಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಹೇಗೆ ಸತ್ತ ಅನ್ನೋದಕ್ಕಿಂತ ಏನು ಮಾಡಿ ಬದುಕಿದ ಅನ್ನೋದನ್ನು ಕೆತ್ತಿದ್ದಾರೆ. ಬುರುಡೆ, ಮೂಳೆ, ಮರಳು ಗಡಿಯಾರ ಓದುವವರಿಗೆ: ನಿನ್ನ ಸರದಿಯೂ ಬರುತ್ತಪ್ಪಾ ಅಂತ. ರೆಕ್ಕೆಯ ಮುಖ ದೇಹ ಬಿಟ್ಟು ಹಾರುವ ಆತ್ಮ. ನೀವು ಹಿಂದೆ ಹೋಗಿ ನೋಡಿದ್ದು ಒಳ್ಳೇದಾಯಿತು, ಜಾಸ್ತಿ ಜನ ಮುಂದಷ್ಟೇ ನೋಡಿ ಫೋಟೋ ತೆಗೆದು ಹೋಗಿಬಿಡ್ತಾರೆ.

ನೀವು ಡಂಡಿಯಲ್ಲೇ ಇದ್ದೀರಿ, ಹೌಫ್ ಅನ್ನೋ ಹಳೇ ಸ್ಮಶಾನ ನೋಡಿಲ್ಲವಾ? ಊರ ನಡುವೆಯೇ ಇದೆ. 1564ರಲ್ಲಿ ಸ್ಕಾಟ್‌ಲೆಂಡಿನ ಮೇರಿ ರಾಣಿ ಊರಿಗೆ ಕೊಟ್ಟ ಜಾಗ. ಹೌಫ್ ಅಂದರೆ ಜನ ಸೇರುವ ಕಟ್ಟೆ. ಡಂಡಿಯ ಒಂಬತ್ತು ಕಸುಬುಗಳ ಸಂಘದವರು ಸಮಾಧಿಗಳ ನಡುವೆಯೇ ಸಭೆ ಮಾಡುತ್ತಿದ್ದರು. ಅಲ್ಲಿ 4 ಅನ್ನೋ ಅಂಕಿ ತಿರುವುಮುರುವಾಗಿ ಕೆತ್ತಿದ್ದು ಕಂಡರೆ ತಪ್ಪು ಕೆತ್ತನೆ ಅಂದುಕೊಳ್ಳಬೇಡಿ, ಅದು ವ್ಯಾಪಾರಿಯ ಮುದ್ರೆ.

ಶಾಲಿನಿ_ಅಬರ್ಡೀನ್:
ಪಂಜರದ ಬಗ್ಗೆ ನಾನು ಹೇಳ್ತೀನಿ. ಎದ್ದು ಬರಬಾರದು ಅಂತಲ್ಲ, ಎತ್ತಿಕೊಂಡು ಹೋಗಬಾರದು ಅಂತ. ಅಂಗಶಾಸ್ತ್ರ ಕಲಿಸೋಕೆ ಹೆಣ ಬೇಕಿತ್ತು, ಕಾನೂನು ಪ್ರಕಾರ ಸಿಗುತ್ತಿದ್ದದ್ದು ತೀರಾ ಕಡಿಮೆ, ಹಾಗಾಗಿ ರಾತ್ರಿ ಹೊಸ ಗುಂಡಿ ಅಗೆದು ಹೆಣ ಕದ್ದು ಮಾರುತ್ತಿದ್ದರು. ಆ ಕಬ್ಬಿಣದ್ದಕ್ಕೆ ಮಾರ್ಟ್‌ಸೇಫ್ ಅಂತಾರೆ. ಎಲ್ಲಾ ಕಡೆ ಅದು ಶಾಶ್ವತವಾಗಿ ಇರುತ್ತಿರಲಿಲ್ಲ. ಹೆಣ ಕೆಡುವ ತನಕ ಕೆಲವು ವಾರ ಇಟ್ಟು, ಆಮೇಲೆ ಎತ್ತಿ ಮುಂದಿನವರಿಗೆ. ಪರ್ತ್‌ಶೈರಿನ ಲೋಗಿರೇಟ್ ಚರ್ಚಿನ ಅಂಗಳದಲ್ಲಿ ಮೂರು ಉಳಿದಿವೆ, ಎರಡು ದೊಡ್ಡವರದು, ಒಂದು ಮಗುವಿನ ಅಳತೆಯದು. ಅದರ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ನಮ್ಮ ಕಡೆ ಉಡ್ನಿ ಗ್ರೀನ್‌ನಲ್ಲಿ ದುಂಡಗಿನ ಕಲ್ಲಿನ ಮನೆ ಇದೆ. ಒಳಗೆ ತಿರುಗುವ ವೇದಿಕೆ, ಅದರ ಮೇಲೆ ಶವಪೆಟ್ಟಿಗೆ ಇಟ್ಟು ಬೀಗ. ಕಟ್ಟಿದ್ದು 1832ರಲ್ಲಿ. ತಮಾಷೆ ಏನು ಗೊತ್ತಾ, ಅದೇ ವರ್ಷ ಅನಾಟಮಿ ಕಾಯ್ದೆ ಬಂತು, ಹೆಣ ಕಾನೂನಾಗೇ ಸಿಗೋಕೆ ಶುರುವಾಯಿತು, ಕಳ್ಳರ ದಂಧೆ ಬಿತ್ತು. ಪಾಪ, ದುಡ್ಡು ಹಾಕಿ ಕಟ್ಟಿದವರು!

ಪುಟ್ಟರಾಜು_ಎಡಿನ್‌ಬರ್ಗ್:
ಓಹೋ, ನಮ್ಮ ಎಡಿನ್‌ಬರ್ಗಿನ ಕುಖ್ಯಾತ ಜೋಡಿ ಬರ್ಕ್ ಮತ್ತು ಹೇರ್ ಹೆಣ ಕದಿಯುತ್ತಿದ್ದದ್ದು ಹೀಗೇನಾ?

ಶಾಲಿನಿ_ಅಬರ್ಡೀನ್:
ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಅವರು ಗುಂಡಿ ಅಗೆದವರೇ ಅಲ್ಲ. 1828ರಲ್ಲಿ 16 ಜನರನ್ನು ಕೊಂದು ಹೆಣ ಮಾರಿದರು. ಅಗೆಯೋ ಶ್ರಮವೂ ಬೇಡ ಅಂತ!

ಅಜ್ಜನಪೆಟ್ಟಿಗೆ:
ಹೆಸರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ಅವರಿಗೆ ಮದುವೆ ಆಗಿತ್ತು ತಾಯಿ 🙂 ಸ್ಕಾಟ್‌ಲೆಂಡಿನಲ್ಲಿ ಹೆಂಗಸರು ಮದುವೆ ಆದಮೇಲೂ ತವರಿನ ಹೆಸರು ಬಿಡುತ್ತಿರಲಿಲ್ಲ, ಕಲ್ಲಿನಲ್ಲೂ ಅದೇ ಬರುತ್ತೆ. ವಂಶಾವಳಿ ಹುಡುಕುವವರಿಗೆ ಇದು ಬಂಗಾರ. ಇಲ್ಲಿ ಜನನ ಮರಣ ಸರ್ಕಾರಿ ನೋಂದಣಿ ಶುರುವಾಗಿದ್ದು 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕವೇ ಗತಿ. ಅದರಲ್ಲಿ ಮಣ್ಣು ಮಾಡಿದ್ದನ್ನು ಎಷ್ಟೋ ಕಡೆ ಬರೆದೇ ಇಲ್ಲ. ಹಾಗಾಗಿ ಒಬ್ಬ ಹೆಂಗಸಿನ ಹುಟ್ಟುಹೆಸರು ಕಲ್ಲಿನಲ್ಲಿ ಮಾತ್ರ ಉಳಿದಿರಬಹುದು. ನಿಮ್ಮೂರಲ್ಲೇ ಟೇ ವ್ಯಾಲಿ ಫ್ಯಾಮಿಲಿ ಹಿಸ್ಟರಿ ಸೊಸೈಟಿ ಇದೆ, ಒಮ್ಮೆ ಕೇಳಿ. ಇಂಥ ಸಂಘದವರು ಕಲ್ಲಿನ ಬರಹ ಎಷ್ಟೋ ಮುಂಚೆಯೇ ಬರೆದಿಟ್ಟುಕೊಂಡಿರ್ತಾರೆ, ಆಗ ಅಕ್ಷರ ಇನ್ನೂ ಚೆನ್ನಾಗಿತ್ತು. ಮತ್ತೆ ವಾಲಿದ ಕಲ್ಲಿಗೆ ಒರಗಬೇಡಿ, ಅಲುಗಾಡಿಸಿ ನೋಡೋದೂ ಬೇಡ. ಎಷ್ಟು ಭಾರ ಇರುತ್ತೆ ಅಂತ ನೋಡಿದರೆ ಗೊತ್ತಾಗಲ್ಲ.

ಮಳೆಬಿಲ್ಲು:
ಎಲ್ಲರಿಗೂ ಥ್ಯಾಂಕ್ಸ್! ನಿನ್ನೆ ಸಂಜೆ ಟಾರ್ಚ್ ಹಿಡಿದು ಹೋಗಿದ್ದೆ. ರೂಮ್‌ಮೇಟ್ ಬೈಕೊಂಡೇ ಜೊತೆಗೆ ಬಂದಳು. ಪಕ್ಕದಿಂದ ಬೆಳಕು ಬಿಟ್ಟಾಗ ಕಲ್ಲುಹುಳ ಹೇಳಿದ ಹಾಗೇ ಆಯಿತು, ಬರೀ ಕಲ್ಲು ಇದ್ದ ಕಡೆ ನಾಲ್ಕು ಸಾಲು ಬಂತು. ಮಕ್ಕಳ ಹೆಸರು, ಐದು. ಇಬ್ಬರಿಗೆ ಒಂದೇ ಹೆಸರು, ಮೊದಲನೆಯದು ಎರಡು ವರ್ಷಕ್ಕೆ ತೀರಿಕೊಂಡಿದೆ. ಅದರ ಕೆಳಗಿನ ಸಾಲು ಹುಲ್ಲಿನ ಕೆಳಗೆ ಹೋಗಿದೆ, ಅಕ್ಷರದ ಮೇಲಿನ ಅರ್ಧ ಮಾತ್ರ ಕಾಣುತ್ತೆ. ಬೆರಳಲ್ಲಿ ಹುಲ್ಲು ಸರಿಸಿ ನೋಡಿದೆ, ಅಷ್ಟೇ.

ಕಲ್ಲುಹುಳ:
ಅಗೆಯದೆ ಬಿಟ್ಟಿರಲ್ಲ, ಸದ್ಯ. ಅನುಮತಿ ಇಲ್ಲದೆ ಮಣ್ಣು ಮುಟ್ಟುವ ಹಾಗಿಲ್ಲ. ಹಳೇ ಚರ್ಚ್ ಅಂಗಳಗಳನ್ನು ಜಾಸ್ತಿ ಕಡೆ ಕೌನ್ಸಿಲ್ ನೋಡಿಕೊಳ್ಳುತ್ತೆ, ಅವರಿಗೊಂದು ಈಮೇಲ್ ಹಾಕಿ. ಆ ಅರ್ಧ ಅಕ್ಷರದ ಫೋಟೋ ಇದ್ದರೆ ಇಲ್ಲಿ ಹಾಕಿ, ನೋಡೋಣ.