‘ಐದು ವರ್ಷದಿಂದ’: ಸಿನ್ಸ್, ಫಾರ್, ಫ್ರಮ್

ಪ್ರಶ್ನೆ: ಇಂಗ್ಲಿಷ್ ವ್ಯಾಕರಣವನ್ನು ಈಗಷ್ಟೇ ಕಲಿಯತೊಡಗಿದವರು ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎನ್ನಲು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎನ್ನುತ್ತಾರೆ. ಸಿನ್ಸ್ ತೆಗೆದು ಫಾರ್ ಹಾಕಿದರೆ ಸಾಕೇ? ‘ಇಂದ’ ಎಂಬುದಕ್ಕೆ ಫ್ರಮ್ ಕೂಡ ಇದೆಯಲ್ಲ, ಅದನ್ನು ಎಲ್ಲಿ ಬಳಸಬೇಕು?

ಉತ್ತರ 1: ಸಾಲದು. ವಾಕ್ಯದಲ್ಲಿ ತಪ್ಪುಗಳು ಎರಡು, ಒಂದನ್ನು ತಿದ್ದಿದರೆ ಇನ್ನೊಂದು ಉಳಿಯುತ್ತದೆ.

ಮೊದಲನೆಯದು ಸಿನ್ಸ್. ಕನ್ನಡದಲ್ಲಿ ‘ಸೋಮವಾರದಿಂದ’, ‘ಎರಡು ದಿನದಿಂದ’ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ. ಸೋಮವಾರ ಎಂಬುದು ಕೆಲಸ ಶುರುವಾದ ಹೊತ್ತು, ಅದಕ್ಕೆ ಸಿನ್ಸ್. ಎರಡು ದಿನ ಎಂಬುದು ಕಳೆದ ಕಾಲದ ಅಳತೆ, ಅದಕ್ಕೆ ಫಾರ್. ‘ಯಾವಾಗ ಶುರುವಾಯಿತು?’ ಎಂದು ಕೇಳಿ. ‘ಸೋಮವಾರ’, ‘2019ರಲ್ಲಿ’, ‘ನಾನು ಬಂದಾಗ’ ಎಂಬಂಥ ಉತ್ತರ ಹೊಂದಿದರೆ ಸಿನ್ಸ್. ‘ಎಷ್ಟು ಕಾಲವಾಯಿತು?’ ಎಂಬುದಕ್ಕೆ ಹೊಂದಿದರೆ ಫಾರ್. ಎಡವಿಸುವುದು ‘ಲಾಸ್ಟ್’: ‘ಸಿನ್ಸ್ ಲಾಸ್ಟ್ ವೀಕ್’ ಎಂದರೆ ಹೋದ ವಾರ ಶುರುವಾದದ್ದು, ‘ಫಾರ್ ದ ಲಾಸ್ಟ್ ವೀಕ್’ ಎಂದರೆ ಕಳೆದ ಏಳು ದಿನಗಳ ಉದ್ದಕ್ಕೂ. ಎರಡೂ ಸರಿ. ‘ಸಿನ್ಸ್ ದ ಲಾಸ್ಟ್ ಟೂ ಡೇಸ್’ ಮಾತ್ರ ತಪ್ಪು.

ಎರಡನೆಯ ತಪ್ಪು ಕ್ರಿಯಾಪದದ್ದು, ಇದೇ ಹೆಚ್ಚು ಹಠಮಾರಿ. ‘ಮಾಡುತ್ತಿದ್ದೇನೆ’ ಎಂಬ ಒಂದೇ ರೂಪ ಕನ್ನಡದಲ್ಲಿ ಈ ಕ್ಷಣದ ಕೆಲಸಕ್ಕೂ ಹಿಂದೆ ಶುರುವಾಗಿ ಇಂದಿಗೂ ನಡೆದಿರುವ ಕೆಲಸಕ್ಕೂ ಸಲ್ಲುತ್ತದೆ. ‘ಆ್ಯಮ್ ವರ್ಕಿಂಗ್’ ಹಾಗಲ್ಲ, ಅದು ಹಿಂದಿನಿಂದ ಬಂದ ಎಳೆಯನ್ನು ಹಿಡಿಯುವುದಿಲ್ಲ. ಅದಕ್ಕೆ ಹ್ಯಾವ್ ಬೀನ್ ಅಥವಾ ಹ್ಯಾಸ್ ಬೀನ್, ಅದರ ಮುಂದೆ ‘ಇಂಗ್’ ರೂಪ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’.

‘ನೋ’ (ಗೊತ್ತಿರು), ‘ಲೈಕ್’ (ಇಷ್ಟಪಡು) ಎಂಬಂಥ ಸ್ಥಿತಿ ಹೇಳುವ ಕ್ರಿಯಾಪದಗಳಿಗೆ ‘ಇಂಗ್’ ಹತ್ತುವುದಿಲ್ಲ. ‘ಹತ್ತು ವರ್ಷದಿಂದ ಅವನು ಗೊತ್ತು’ ಎನ್ನಲು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’.

ಫಾರ್ ಕಂಡಲ್ಲೆಲ್ಲ ಹ್ಯಾವ್ ಬೀನ್ ಎಂದು ಮಾತ್ರ ಕಲಿಸಬೇಡಿ. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಪೂರ್ತಿ ಸರಿಯಾದ ವಾಕ್ಯ. ಅಲ್ಲಿ ಐದು ವರ್ಷ ಕೆಲಸ ಮಾಡಿದೆ, ಈಗ ಅಲ್ಲಿಲ್ಲ ಎಂದರ್ಥ.

ಫ್ರಮ್ ಆರಂಭವನ್ನಷ್ಟೇ ತೋರಿಸುತ್ತದೆ, ಇಂದಿನವರೆಗೆ ಬಂತು ಎಂದು ಹೇಳುವುದಿಲ್ಲ. ‘ಫ್ರಮ್ ನೈನ್ ಟು ಫೈವ್’ ಎಂದು ಕೊನೆಯನ್ನೂ ಹೇಳುವಲ್ಲಿ, ಇಲ್ಲವೇ ‘ನಾಳೆಯಿಂದ’ ಎಂದು ಮುಂದಿನದನ್ನು ಹೇಳುವಲ್ಲಿ ಅದು ಸಲ್ಲುತ್ತದೆ.

ಉತ್ತರ 2: ಮೇಲಿನದಕ್ಕೆ ಎರಡು ಮಾತು ಸೇರಿಸಬೇಕು.

ನಿಷೇಧದ ವಾಕ್ಯದಲ್ಲಿ ಕನ್ನಡವೇ ಕೈಹಿಡಿಯುತ್ತದೆ. ‘ಎರಡು ದಿನದಿಂದ ಅವನನ್ನು ನೋಡಿಲ್ಲ’ ಎಂಬಲ್ಲಿನ ‘ನೋಡಿಲ್ಲ’ ನೇರವಾಗಿ ‘ಹ್ಯಾವ್ ನಾಟ್ ಸೀನ್’ ಆಗುತ್ತದೆ. ಆದ್ದರಿಂದ ಇಲ್ಲಿ ಫಾರ್, ಸಿನ್ಸ್ ಆರಿಸುವುದಷ್ಟೇ ಕಷ್ಟ. ಪಾಠವನ್ನು ಇಂಥ ವಾಕ್ಯಗಳಿಂದಲೇ ಶುರುಮಾಡುವುದು ಒಳ್ಳೆಯದು. ಒಮ್ಮೆಗೆ ಒಂದೇ ತೊಡಕು.

ಇನ್ನೊಂದು, ‘ಬಂದು ಎರಡು ದಿನವಾಯಿತು’ ಎಂಬ ರಚನೆ. ಬರುವುದು, ಸಾಯುವುದು ಕ್ಷಣದಲ್ಲಿ ಮುಗಿಯುವ ಕ್ರಿಯೆಗಳು, ಅವನ್ನು ಫಾರ್ ಜೊತೆ ಎಳೆಯಲಾಗದು. ‘ಹಿ ಹ್ಯಾಸ್ ಕಮ್ ಫಾರ್ ಟೂ ಡೇಸ್’ ಎಂದರೆ ಕೇಳುವವರಿಗೆ ಎರಡು ದಿನ ಉಳಿಯಲು ಬಂದಿದ್ದಾನೆ ಎಂದೇ ಅರ್ಥವಾಗುತ್ತದೆ. ‘ಹಿ ಕೇಮ್ ಟೂ ಡೇಸ್ ಅಗೋ’ ಎನ್ನಿ, ಅಥವಾ ಸ್ಥಿತಿಗೆ ತಿರುಗಿಸಿ ‘ಹಿ ಹ್ಯಾಸ್ ಬೀನ್ ಹಿಯರ್ ಫಾರ್ ಟೂ ಡೇಸ್’ ಎನ್ನಿ. ‘ತೀರಿಕೊಂಡು ಹತ್ತು ವರ್ಷವಾಯಿತು’ ಎನ್ನಲು ‘ಹಿ ಡೈಡ್ ಟೆನ್ ಇಯರ್ಸ್ ಅಗೋ’. ಅಗೋ ಬಂದ ವಾಕ್ಯದಲ್ಲಿ ಹ್ಯಾವ್, ಹ್ಯಾಸ್ ಸೇರಿಸಬಾರದು. ‘ಹ್ಯಾಸ್ ಕಮ್ ಟೂ ಡೇಸ್ ಅಗೋ’ ತಪ್ಪು.

ಪ್ರಶ್ನಿಸಿದವರು: ‘ಎಷ್ಟು ದಿನದಿಂದ?’ ಎಂದು ಕೇಳಬೇಕಾದರೆ?

ಉತ್ತರ 1: ‘ಹೌ ಲಾಂಗ್ ಹ್ಯಾವ್ ಯು ಬೀನ್ ವರ್ಕಿಂಗ್ ಹಿಯರ್?’ ‘ಸಿನ್ಸ್ ಹೌ ಮೆನಿ ಡೇಸ್’ ಎಂಬುದು ಕನ್ನಡದ ನೇರ ನೆರಳು, ಬೇಡ. ಉತ್ತರದಲ್ಲಿ ಫಾರ್, ಸಿನ್ಸ್ ಯಾವುದಾದರೂ ಬರಬಹುದು, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ.