ವ್ಯಾನ್ ಡಿ ಗ್ರಾಫ್ ಜನರೇಟರ್: ಮೋಟರ್ ಓಡುತ್ತೆ, ಬೆಲ್ಟ್ ಓಡುತ್ತೆ, ಕಿಡಿ ಮಾತ್ರ ಬರ್ತಿಲ್ಲ

ಕಿಡಿಗೇಡಿ:
ಎಲ್ರಿಗೂ ನಮಸ್ಕಾರ. ಮಗಳ ಸ್ಕೂಲ್ ಎಕ್ಸಿಬಿಷನ್‌ಗೆ ಅಂತ ಈ ವ್ಯಾನ್ ಡಿ ಗ್ರಾಫ್ ಜನರೇಟರ್ (ಓಡೋ ಬೆಲ್ಟ್ ಮೇಲೆ ಚಾರ್ಜ್ ಹೊತ್ತು ಮೇಲಿನ ಲೋಹದ ಗೋಳಕ್ಕೆ ತುಂಬ್ಸಿ ಕಿಡಿ ಬರ್ಸೋ ಯಂತ್ರ) ಶುರು ಮಾಡಿದ್ದು, ಎಕ್ಸಿಬಿಷನ್ ಮುಗ್ದೋಯ್ತು, ಈಗ ಬರೀ ನನ್ನ ಹಠಕ್ಕೆ ನಡೀತಿದೆ. ಎರಡಡಿ ಪಿವಿಸಿ ಪೈಪು, ಹೊಲಿಗೆ ಮಿಷನ್ ಮೋಟರು, ಮೇಲೆ ಎರಡು ಸ್ಟೀಲ್ ಬೋಗುಣಿ ಬಾಯಿಗೆ ಬಾಯಿ ಸೇರ್ಸಿ ಗೋಳ ಮಾಡಿದೀನಿ, ಅಗಲ ಸುಮಾರು 25 ಸೆಂ.ಮೀ. ಬೆಲ್ಟ್‌ಗೆ ಸೈಕಲ್ ಟ್ಯೂಬ್ ಸೀಳಿ ಹಾಕಿದೀನಿ, ರೋಲರ್ ಎರಡೂ ಪಿವಿಸಿ ತುಂಡು, ಬ್ರಷ್‌ಗೆ ವೈರ್ ಎಳೆ ಬಿಡಿಸಿ ಬೆಲ್ಟಿಗೆ ತಾಗೋ ಹಂಗೆ ಕಟ್ಟಿದೀನಿ. ಬೆರಳು ಹತ್ರ ತಂದ್ರೆ ಒಂದೊಂದ್ಸಲ ಚಿಟ್ ಅನ್ನುತ್ತೆ ಅಷ್ಟೇ. ಮಲ್ಟಿಮೀಟರಲ್ಲಿ ಪೈಪು ಬೆಲ್ಟು ಎರಡೂ ಓಪನ್ (ಅಂದ್ರೆ ಕರೆಂಟ್ ಹರಿಯಲ್ಲ) ತೋರಿಸ್ತಿದೆ, ಹಂಗಾದ್ರೆ ಚಾರ್ಜ್ ಹೋಗ್ತಿರೋದೆಲ್ಲಿಗೆ?

ಜಯನಗರ ಜೂಲ್:
ಜುಲೈ ಮಳೇಲಿ ಇದೆಲ್ಲ ಆಗಲ್ಲ ಗುರೂ. ಗಾಳಿ ಪೂರ್ತಿ ತೇವ. ಎತ್ತಿ ಅಟ್ಟಕ್ಕೆ ಹಾಕಿ, ಶಿವರಾತ್ರಿ ಹೊತ್ತಿಗೆ ತೆಗೀರಿ, ತಾನಾಗೇ ಕೆಲ್ಸ ಮಾಡುತ್ತೆ.

ಕಿಡಿಗೇಡಿ:
ಹೇರ್ ಡ್ರೈಯರ್ ಹಿಡಿದು ಪೈಪು ಒಳಗೆ ಹೊರಗೆ ಎಲ್ಲಾ ಬಿಸಿ ಮಾಡ್ದೆ ಸಾರ್, ಏನೂ ಫರಕ್ ಬರ್ಲಿಲ್ಲ.

ಬೆಸುಗೆ ಮಾವ:
ಡ್ರೈಯರ್ ಹಿಡಿದ್ರೂ ಬದಲಾಗ್ಲಿಲ್ಲ ಅಂದ್ರೆ ತೇವ ಒಂದೇ ಕಾರಣ ಅಲ್ಲ. ಮೊದ್ಲು ಮಲ್ಟಿಮೀಟರ್ ಪಕ್ಕಕ್ಕಿಡಿ, ಈ ಕೆಲ್ಸಕ್ಕೆ ಅದು ಬರಲ್ಲ. ಲೆಕ್ಕ ನೋಡಿ, ಈ ಸೈಜಿನ ಬೆಲ್ಟು ಮೇಲಕ್ಕೆ ಹೊರೋದು ಹೆಚ್ಚಂದ್ರೆ ಕೆಲವೇ ಮೈಕ್ರೋಆಂಪಿಯರ್, 5 ಅಂತಿಟ್ಕೊಳ್ಳಿ, ಗೋಳ 1 ಲಕ್ಷ ವೋಲ್ಟ್ ಮುಟ್ಟೋ ಹೊತ್ತಿಗೆ ಎಲ್ಲಾದ್ರೂ 20,000 ಮೆಗಾಓಮ್ ಸೋರಿಕೆ ದಾರಿ ಒಂದಿದ್ರೆ ಸಾಕು, ಬಂದಿದ್ದೆಲ್ಲ ಅಲ್ಲೇ ಸೋರಿ ಹೋಗುತ್ತೆ. ನಿಮ್ಮ ಮೀಟರ್ 20 ಮೆಗಾಓಮ್‌ಗೋ 200ಕ್ಕೋ ಕೈ ಎತ್ತಿಬಿಡುತ್ತೆ. ಅದು ಓಪನ್ ಅಂದಿದ್ದಕ್ಕೆ ಇಲ್ಲಿ ಬೆಲೆ ಇಲ್ಲ.

ಅದರ ಬದ್ಲು ಒಂದು ಎಲೆಕ್ಟ್ರೋಸ್ಕೋಪ್ (ಚಾರ್ಜ್ ಇದ್ಯೋ ಇಲ್ವೋ ತೋರ್ಸೋ ಸಾಧನ) ಮಾಡ್ಕೊಳ್ಳಿ. ಗಾಜಿನ ಬಾಟ್ಲಿ, ಪ್ಲಾಸ್ಟಿಕ್ ಮುಚ್ಚಳದಲ್ಲಿ ತೂತು ಮಾಡಿ ಒಂದು ತಾಮ್ರದ ತಂತಿ, ಕೆಳಗಿನ ಕೊಕ್ಕೆಗೆ ಚಪಾತಿ ಸುತ್ತೋ ಫಾಯಿಲ್‌ನ ಎರಡು ಸಣ್ಣ ಪಟ್ಟಿ. ಪ್ಲಾಸ್ಟಿಕ್ ಸ್ಕೇಲ್ ತಲೆಗೆ ಉಜ್ಜಿ ತಂತಿಗೆ ಸವರಿದ್ರೆ ಪಟ್ಟಿ ಅಗಲ ಆಗುತ್ತೆ. ಹಂಗೇ ಬಿಟ್ಟು ನೋಡಿ, ಒಂದು ನಿಮಿಷನಾದ್ರೂ ನಿಲ್ಬೇಕು, ನಿಲ್ಲಿಲ್ಲ ಅಂದ್ರೆ ಬಾಟ್ಲಿನೇ ತೇವ ಆಗಿದೆ, ಅದಕ್ಕೂ ಡ್ರೈಯರ್ ಹಿಡೀರಿ. ಆಮೇಲೆ ಬೆಲ್ಟ್ ತುಂಡು ಕೈಯಲ್ಲಿ ಹಿಡಿದು ಇನ್ನೊಂದು ತುದಿ ತಂತಿಗೆ ತಾಗಿಸಿ. ಪಟ್ಟಿ ತಟ್ ಅಂತ ಬಿದ್ರೆ ಆ ಬೆಲ್ಟು ಇನ್ಸುಲೇಟರ್ ಅಲ್ಲ. ಪೈಪಿಗೂ ಇದೇ ಟೆಸ್ಟು.

ನನ್ನ ಅನುಮಾನ ಸೈಕಲ್ ಟ್ಯೂಬ್ ಮೇಲೇ. ಕಪ್ಪು ರಬ್ಬರ್‌ಗೆ ಕಾರ್ಬನ್ ಪುಡಿ ಸೇರಿಸಿರ್ತಾರೆ, ಕರೆಂಟ್ ಸಣ್ಣಗೆ ಹರಿಯುತ್ತೆ. ಏರಿಸಿದ ಚಾರ್ಜು ಅದೇ ಬೆಲ್ಟಲ್ಲಿ ಇಳಿದು ಬರುತ್ತೆ, ತೂತು ಬಿದ್ದ ಬಿಂದಿಗೆಗೆ ನೀರು ಹೊಯ್ದಂಗೆ.

ಕಿಡಿಗೇಡಿ:
ಮಾವ, ಬೆಲ್ಟ್ ತಾಗಿಸಿದ ತಕ್ಷಣ ಪಟ್ಟಿ ಬಿತ್ತು! ಪೈಪ್ ಮಾತ್ರ ಪರ್ವಾಗಿಲ್ಲ, ನಿಧಾನಕ್ಕೆ ಇಳೀತು. ಈಗ ಯಾವ ಬೆಲ್ಟ್ ಹಾಕ್ಲಿ?

ತಂತಿ ತಮ್ಮ:
ರೇಷ್ಮೆ ರಿಬ್ಬನ್ ಹಾಕಿ ಅಣ್ಣ. ಇದನ್ನ ಕಂಡುಹಿಡಿದ ವ್ಯಾನ್ ಡಿ ಗ್ರಾಫೇ 1929ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಮೊದಲ್ನೇ ಮಾಡೆಲ್‌ಗೆ ಅಂಗಡೀಲಿ ಸಿಗೋ ರೇಷ್ಮೆ ರಿಬ್ಬನ್ನೇ ಹಾಕಿದ್ದು, 80 ಸಾವಿರ ವೋಲ್ಟ್ ಬಂದಿತ್ತು. ಚಿಕ್ಕಪೇಟೆ ಇರೋ ಬೆಂಗಳೂರಲ್ಲಿ ರೇಷ್ಮೆಗೇನ್ ಬರ?

ಬೆಸುಗೆ ಮಾವ:
ತಮ್ಮಾ, ರೇಷ್ಮೆ ತೇವ ಕುಡಿಯುತ್ತೆ, ಜುಲೈಗೆ ಬೇಡ. ಫಿಸಿಯೋಥೆರಪಿಗೆ ಕೊಡೋ ಲ್ಯಾಟೆಕ್ಸ್ ಪಟ್ಟಿ ಸಿಗುತ್ತಲ್ಲ, ತೆಳು ಹಳದಿದು ತಗೊಳ್ಳಿ, ಕಪ್ಪು ಬೇಡ. ತುದಿ ಓರೆಯಾಗಿ ಕತ್ತರಿಸಿ ಪಂಕ್ಚರ್ ಸಲ್ಯೂಷನ್‌ನಲ್ಲಿ ಅಂಟಿಸಿ.

ರೋಲರ್ ಎರಡೂ ಪಿವಿಸಿ ಅಂದ್ರಿ, ಅದೂ ಬೇಡ. ಮೇಲೆ ಕೆಳಗೆ ಬೇರೆ ಬೇರೆ ವಸ್ತು ಇದ್ರೆನೇ ಮಜಾ, ಒಂದು ನೈಲಾನ್ ಒಂದು ಟೆಫ್ಲಾನ್. ಉಜ್ಜಿದಾಗ ನೈಲಾನ್ ಪಾಸಿಟಿವ್ ಕಡೆ ಹೋಗುತ್ತೆ, ಟೆಫ್ಲಾನ್ ನೆಗೆಟಿವ್ ಕಡೆ. ಅದಲು ಬದಲು ಆದ್ರೂ ಗೋಳದ ಚಾರ್ಜ್ ಉಲ್ಟಾ ಆಗುತ್ತೆ, ಬೇರೇನಿಲ್ಲ. ರಾಡ್‌ಗೆ ಎಸ್.ಪಿ. ರೋಡ್ ಸುತ್ತಮುತ್ತ ವಿಚಾರಿಸಿ, ಪೀಣ್ಯ ಕಡೆ ಲೇತ್‌ನವ್ರು ಪರಿಚಯ ಇದ್ರೆ ನಡುಮಧ್ಯ ಸ್ವಲ್ಪ ಉಬ್ಬು ಬಿಟ್ಟು ಟರ್ನ್ ಮಾಡಿಸಿ, ಇಲ್ಲಾಂದ್ರೆ ಬೆಲ್ಟು ಪಕ್ಕಕ್ಕೆ ಜಾರ್ತಾನೇ ಇರುತ್ತೆ. ಬ್ರಷ್ ಬೆಲ್ಟಿಗೆ ತಾಗೋದು ಬೇಡ, ರೋಲರ್ ಎದುರಿಗೆ 3 ಮಿ.ಮೀ. ದೂರ ಇಡಿ, ಚೂಪು ತುದಿಯಿಂದ ಚಾರ್ಜು ಗಾಳೀಲೇ ದಾಟುತ್ತೆ. ಕೆಳಗಿನ ಬ್ರಷ್ ಅರ್ತ್‌ಗೆ, ಮೇಲಿಂದು ಗೋಳದ ಒಳಮೈಗೆ.

ಕಿಡಿಗೇಡಿ:
ಬೆಲ್ಟು ರೋಲರ್ ಎರಡೂ ಬದಲಾಯ್ಸಿದೆ. ಈಗ ಒಂದೂವರೆ ಸೆಂಟಿಮೀಟರ್ ಕಿಡಿ ಬರ್ತಿದೆ!! ಮಗಳು ಕೂದಲು ನಿಲ್ಲಿಸ್ಕೊಂಡು ಕುಣೀತಿದಾಳೆ. ಆದ್ರೆ ಅಲ್ಲಿಂದ ಮುಂದಕ್ಕೆ ಹೋಗ್ತಿಲ್ಲ, ಗೋಳದ ಹತ್ರ ಉಸ್ಸ್ ಅಂತ ಸದ್ದು, ಒಂಥರಾ ವಾಸ್ನೆ ಬೇರೆ.

ಬೆಸುಗೆ ಮಾವ:
ಆ ವಾಸ್ನೆ ಓಝೋನ್. ರಾತ್ರಿ ಲೈಟ್ ಆರಿಸಿ ಕಣ್ಣು ಹೊಂದ್ಕೊಳ್ಳೋ ತನಕ ಕಾದು ನೋಡಿ, ನೇರಳೆ ಬಣ್ಣದ ಹೊಳಪು ಎಲ್ಲಿದ್ಯೋ ಅಲ್ಲಿ ಸೋರ್ತಿದೆ. ಬೋಗುಣಿ ಅಂಚು ಹೊರಗೆ ಚಾಚಿರುತ್ತಲ್ಲ, ಆ ಸಂದಿನಲ್ಲೇ ಇರುತ್ತೆ ನೋಡಿ, ಇಲ್ಲಾಂದ್ರೆ ಪೈಪು ತೂರಿಸೋಕೆ ಕೊರೆದ ತೂತಿನ ಬಾಯಲ್ಲಿ. ಒಣ ಗಾಳಿ ಒಡೆಯೋದು ಸೆಂಟಿಮೀಟರಿಗೆ 30 ಸಾವಿರ ವೋಲ್ಟ್ ಸುಮಾರಿಗೆ, ನಿಮ್ಮ ಗೋಳ ಪೂರ್ತಿ ನುಣುಪಾಗಿದ್ರೆ ಲೆಕ್ಕದ ಪ್ರಕಾರ 3.75 ಲಕ್ಷ ತಡೀಬೇಕು. ನಾವು ಸಮುದ್ರಕ್ಕಿಂತ 900 ಮೀಟರ್ ಮೇಲಿರೋದ್ರಿಂದ ಅದರಲ್ಲೂ ಹತ್ತು ಪರ್ಸೆಂಟ್ ಖೋತಾ, ಮಂಗಳೂರಿನವ್ರಿಗೆ ಗಾಳಿ ದಪ್ಪ ಇದೆ ಆದ್ರೆ ಅವ್ರ ತೇವ ನಮಗೆ ಬೇಡ ಬಿಡಿ. ಚೂಪು ಅಂಚಿದ್ರೆ ಈ ಲೆಕ್ಕ ಎಲ್ಲ ಠುಸ್. ಅಂಚು ಒಳಕ್ಕೆ ಸುರುಳಿ ಸುತ್ತಿರೋ ಬೋಗುಣಿ ಹುಡುಕಿ, ತೂತಿನ ಬಾಯನ್ನ ಒಳಕ್ಕೆ ಬಡಿದು ಮಡಿಸಿ, ಬೆರಳಾಡಿಸಿದ್ರೆ ಎಲ್ಲೂ ಸಿಗಾಕ್ಕೊಳ್ಬಾರ್ದು. ಪೈಪನ್ನ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಅದು ಪೂರ್ತಿ ಆರಿದ್ಮೇಲೇ ಆನ್ ಮಾಡಿ, ಬೇಗ ಬೆಂಕಿ ಹತ್ತೋ ಸಾಮಾನು ಅದು.

ಕಿಡಿಗೇಡಿ:
ಹೊಸ ಬೋಗುಣಿ ಹಾಕಿದೆ, 4 ಸೆಂ.ಮೀ. ಆರಾಮಾಗಿ ಬರ್ತಿದೆ. ಇದಕ್ಕೆ ಲೈಡನ್ ಜಾರ್ (ಚಾರ್ಜ್ ಕೂಡಿಡೋ ಜಾಡಿ) ಜೋಡಿಸಿದ್ರೆ ಕಿಡಿ ಇನ್ನೂ ದಪ್ಪ ಆಗುತ್ತಾ?

ಬೆಸುಗೆ ಮಾವ:
ಆಗುತ್ತೆ, ಅದಕ್ಕೇ ಬೇಡ ಅಂತಿರೋದು. ನಿಮ್ಮ ಗೋಳದ ಚಾರ್ಜ್ ಹಿಡಿಯೋ ಕೆಪಾಸಿಟಿ 14 ಪಿಕೋಫ್ಯಾರಡ್ ಅಷ್ಟೇ, 1 ಲಕ್ಷ ವೋಲ್ಟಲ್ಲೂ 0.07 ಜೂಲ್, ಚುರ್ ಅನ್ನುತ್ತೆ ಬಿಡುತ್ತೆ. ಜಾರ್ ಸೇರಿಸಿದ್ರೆ ಅದೇ ವೋಲ್ಟಿಗೆ ಹತ್ತಿಪ್ಪತ್ತು ಪಟ್ಟು ಏರುತ್ತೆ, ಮನೇಲಿ ಮಗು ಇದೆ. ಕಿಡಿ ತೆಗೆಯೋಕೆ ಬೆರಳು ಬೇಡ, ಸ್ಟೀಲ್ ಸೌಟಿಗೆ ವೈರ್ ಕಟ್ಟಿ ಕೆಳಗಿನ ಅರ್ತ್‌ಗೆ ಸೇರ್ಸಿ, ಆಫ್ ಮಾಡಿದ್ಮೇಲೂ ಅದನ್ನೇ ಗೋಳಕ್ಕೆ ತಾಗಿಸಿ ಆಮೇಲೆ ಕೈ ಹಾಕಿ. ಮೋಟರ್ ಬಾಡಿಗೂ ಅರ್ತ್ ಇರ್ಲಿ. ಫೋನು ಲ್ಯಾಪ್‌ಟಾಪು ಬೇರೆ ರೂಮಲ್ಲಿ. ಪೇಸ್‌ಮೇಕರ್ ಇರೋವ್ರು ಯಾರಾದ್ರೂ ಮನೆಗೆ ಬಂದಾಗ ಆನ್ ಮಾಡ್ಲೇಬೇಡಿ.

ಜಯನಗರ ಜೂಲ್:
ಜುಲೈಲಿ 4 ಸೆಂ.ಮೀ. ಅಂದ್ರೆ ಶಿವರಾತ್ರಿಗೆ ಎಷ್ಟು ಬರುತ್ತೋ ಹೇಳಿ ಗುರೂ, ನಾನೂ ಆ ಹಳದಿ ಪಟ್ಟಿ ತರೋಕೆ ಹೊರಟೆ.