ಬ್ಯಾಟರಿ ವೀಕ್ ಆದ್ರೆ ಪಿಕಪ್, ಮೈಲೇಜ್ ಬೀಳುತ್ತಾ? ಎಎಂಟಿ ಗಾಡಿ, ಬೆಳಗ್ಗೆ ಸೆಲ್ಫ್ ನಿಧಾನ, 12.1 ವೋಲ್ಟ್

ಮೈಸೂರು_ಎಎಂಟಿ

ಎಲ್ಲರಿಗೂ ನಮಸ್ಕಾರ. ಗಾಡಿ 2020ರ 1.2 ಲೀಟರ್ ಪೆಟ್ರೋಲ್, ಎಎಂಟಿ (ಕ್ಲಚ್ ಪೆಡಲ್ ಇಲ್ಲ, ಗೇರ್ ತಾನಾಗೇ ಬದಲಾಗುತ್ತೆ), 52,000 ಕಿ.ಮೀ. ಓಡಿದೆ. ಬ್ಯಾಟರಿ 35 ಆಂಪಿಯರ್-ಅವರ್, ಮೇಲೆ 38ಬಿ20ಎಲ್ ಅಂತಿದೆ. ಹಾಕಿಸಿ ಮೂರು ವರ್ಷ ಎಂಟು ತಿಂಗಳು. ದಿನದ ಓಡಾಟ ಕುವೆಂಪುನಗರದಿಂದ ಆಫೀಸಿಗೆ 4 ಕಿ.ಮೀ., ವಾಪಸ್ 4 ಕಿ.ಮೀ. ಅಷ್ಟೇ.

ಬೆಳಗ್ಗೆ ಸೆಲ್ಫ್ ಎಳೆದು ಎಳೆದು ತಗೊಳ್ಳುತ್ತೆ. ಎರಡು ಸಲ ಬರೀ ಟಕಟಕಟಕ ಸದ್ದು ಬಂತು, ಆಮೇಲೆ ಸ್ಟಾರ್ಟ್ ಆಯ್ತು. ಸ್ಟಾರ್ಟ್ ಆದ ತಕ್ಷಣ ರಿವರ್ಸ್ ಹಾಕಿದ್ರೆ ಡಿಸ್‌ಪ್ಲೇನಲ್ಲಿ ಎನ್ (ನ್ಯೂಟ್ರಲ್) ಮಿಣುಕ್ತಾ ನಿಲ್ಲುತ್ತೆ, ಗೇರ್ ತಡವಾಗಿ ಬೀಳುತ್ತೆ. ಪಾರ್ಕಿಂಗಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಹೆಡ್‌ಲೈಟ್ ಮಂಕಾಗುತ್ತೆ, ಒಂದು ಸಲ ಇಪಿಎಸ್ (ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್) ದೀಪವೂ ಹತ್ತಿತ್ತು. ಮೈಲೇಜ್ 15ರಿಂದ 12ಕ್ಕೆ ಬಂದಿದೆ, ಪಿಕಪ್ಪೂ ಕಮ್ಮಿ ಅನ್ನಿಸ್ತಿದೆ.

ಮಲ್ಟಿಮೀಟರ್‌ನಲ್ಲಿ ನೋಡಿದ್ದು: ಬೆಳಗ್ಗೆ 12.1, ಸೆಲ್ಫ್ ಹೊಡೆಯುವಾಗ 8.9, ಎಂಜಿನ್ ಓಡುವಾಗ 14.2 ವೋಲ್ಟ್. ಬ್ಯಾಟರಿ ಮೇಲಿನ, ಚಾರ್ಜ್ ತೋರಿಸೋ ಕಣ್ಣು ಮಾತ್ರ ಇನ್ನೂ ಹಸಿರು. ಗ್ಯಾರೇಜಲ್ಲಿ ಡೈನಮೋ ಹೋಗಿದೆ ಅಂತಾರೆ, ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಅಂತಾರೆ. ಯಾವುದನ್ನ ನಂಬೋದು?

ಸೆಲ್ಫ್_ಡೈನಮೋ_ದಾವಣಗೆರೆ

ಸರ್, ರೀಡಿಂಗ್ ಕೊಟ್ಟು ಕೇಳಿದ್ದೀರಿ, ಅದಕ್ಕೆ ಅರ್ಧ ಕೆಲಸ ಆಗಿದೆ. ಇವತ್ತೇ ಏನನ್ನೂ ಕೊಳ್ಳಬೇಡಿ.

14.2 ಬರ್ತಿದೆ ಅಂದ್ರೆ ಡೈನಮೋ ಚಾರ್ಜ್ ಕೊಡ್ತಿದೆ. ಆದ್ರೂ ಒಂದು ಟೆಸ್ಟ್ ಮಾಡಿ: ಎಂಜಿನ್ ಐಡಲ್‌ನಲ್ಲಿರಲಿ, ಎಸಿ, ಹೆಡ್‌ಲೈಟ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಆನ್ ಮಾಡಿ. ಆಗಲೂ 13.5ಕ್ಕಿಂತ ಮೇಲೆ ನಿಂತರೆ ಸಾಕು. ಆಮೇಲೆ ಮೀಟರನ್ನ ಎಸಿ (ಏರ್ ಕಂಡಿಷನರ್ ಅಲ್ಲ, ಆಲ್ಟರ್ನೇಟಿಂಗ್ ಕರೆಂಟ್) ವೋಲ್ಟ್ಸ್‌ಗೆ ತಿರುಗಿಸಿ ಅದೇ ಬ್ಯಾಟರಿ ಮೇಲೆ ನೋಡಿ. 0.1 ವೋಲ್ಟ್ ಒಳಗೆ ಇರಬೇಕು. ಜಾಸ್ತಿ ಬಂದರೆ ಒಳಗೆ ಡಯೋಡ್ ಕೆಟ್ಟಿರೋ ಸಾಧ್ಯತೆ ಇದೆ. ಅಂಥ ಡೈನಮೋ ರಾತ್ರಿಯಿಡೀ ಬ್ಯಾಟರಿಯನ್ನ ಹಿಂದಕ್ಕೆ ಎಳೆದುಕೊಳ್ಳುತ್ತೆ.

ಬೆಳಗ್ಗೆ 12.1 ಅಂದ್ರೆ ಬ್ಯಾಟರಿ ಅರ್ಧಕ್ಕಿಂತ ಕೆಳಗಿದೆ. ಮಾಮೂಲಿ ಆಸಿಡ್ ಬ್ಯಾಟರಿ ಪೂರ್ತಿ ತುಂಬಿ, ಕೆಲವು ಗಂಟೆ ಸುಮ್ಮನೆ ಇದ್ದ ಮೇಲೆ 12.6ರಿಂದ 12.7 ತೋರಿಸುತ್ತೆ. 12.4 ಮುಕ್ಕಾಲು, 12.2 ಅರ್ಧ, 12.0 ಕಾಲು. ಅರ್ಧ ಹೊಟ್ಟೆಯಲ್ಲಿರೋ ಬ್ಯಾಟರಿಗೆ ಸೆಲ್ಫ್ ಲೋಡ್ ಕೊಟ್ಟು 8.9ಕ್ಕೆ ಬಿತ್ತು ಅಂದ್ರೆ ಅದು ಹಳೇದಾಗಿ ಬಿತ್ತೋ, ಹಸಿದು ಬಿತ್ತೋ ಹೇಳೋಕಾಗಲ್ಲ. ಮೊದಲು ಹೊರಗಿನ ಚಾರ್ಜರ್‌ನಲ್ಲಿ ತುಂಬಿಸಿ. ಕರೆಂಟು ಕೆಪಾಸಿಟಿಯ ಹತ್ತರಲ್ಲೊಂದು ಭಾಗ, ಅಂದ್ರೆ 3.5 ಆಂಪಿಯರ್, 10-12 ಗಂಟೆ. ಮನೆ ಮುಂದೆ ಅರ್ಧ ಗಂಟೆ ಐಡಲ್ ಓಡಿಸಿದ್ರೆ ತುಂಬಲ್ಲ, ಪೆಟ್ರೋಲ್ ಅಷ್ಟೇ ಖರ್ಚು.

ಹಸಿರು ಕಣ್ಣು ನಂಬಬೇಡಿ. ಒಳಗೆ ಆರು ಸೆಲ್ ಇವೆ, ಆ ಕಣ್ಣು ನೋಡೋದು ಒಂದೇ ಸೆಲ್ಲನ್ನ. ಉಳಿದ ಐದರಲ್ಲಿ ಒಂದು ಸತ್ತರೂ ಅದು ಹಸಿರಾಗೇ ಇರುತ್ತೆ.

ತುಂಬಿಸಿದ ಮೇಲೆ 12 ಗಂಟೆ ಬಿಟ್ಟು ಈ ಕ್ರಮದಲ್ಲಿ ನೋಡಿ:

1. ಸುಮ್ಮನಿರುವಾಗಿನ ವೋಲ್ಟೇಜ್.

2. ಫ್ಯುಯಲ್ ಪಂಪ್ ಫ್ಯೂಸ್ ತೆಗೆದು, ಬ್ರೇಕ್ ಒತ್ತಿ, ನ್ಯೂಟ್ರಲ್‌ನಲ್ಲಿ 4-5 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಫ್ಯೂಸ್ ಯಾಕೆ ತೆಗೀಬೇಕು ಅಂದ್ರೆ, ಗಾಡಿ ಒಂದೇ ಸೆಕೆಂಡಿಗೆ ಸ್ಟಾರ್ಟ್ ಆಗಿಬಿಟ್ಟರೆ ಸಾಮಾನ್ಯ ಮೀಟರ್‌ಗೆ ನಿಜವಾದ ತಳ ಹಿಡಿಯೋಕೆ ಆಗಲ್ಲ. ಮೀಟರಿನ ಮುಳ್ಳುಗಳು ಬ್ಯಾಟರಿಯ ಸೀಸದ ಪೋಸ್ಟ್ ಮೇಲೇ ಇರಲಿ, ಕ್ಲ್ಯಾಂಪ್ ಮೇಲಲ್ಲ. 10ರ ಮೇಲೆ ನಿಂತರೆ ಒಳ್ಳೇದು, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ.

3. ಅದೇ ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್ ಪೋಸ್ಟಿನಿಂದ ಎಂಜಿನ್ ಬ್ಲಾಕಿಗೆ ವೋಲ್ಟೇಜ್. 0.2ಕ್ಕಿಂತ ಕಮ್ಮಿ ಇರಬೇಕು.

4. ಗಾಡಿ ಲಾಕ್ ಆಗಿ ನಿಂತಾಗ ಎಷ್ಟು ಕರೆಂಟ್ ಸೋರ್ತಿದೆ ಅನ್ನೋದು.

ನಾಲ್ಕನೇದಕ್ಕೆ ಒಂದು ಎಚ್ಚರಿಕೆ. ಮೀಟರನ್ನ 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ನೆಗೆಟಿವ್ ಕೇಬಲ್ ಮಧ್ಯೆ ಸೇರಿಸ್ತೀವಲ್ಲ, ಆಗ ಡ್ರೈವರ್ ಬಾಗಿಲು ತೆಗೀಬೇಡಿ. ಎಎಂಟಿಯಲ್ಲಿ ಆ ಬಾಗಿಲು ತೆಗೆದ ಕೂಡಲೇ "ಜುಂಯ್" ಅಂತ ಗೇರ್ ಪಂಪ್ ಓಡುತ್ತೆ, ಕೇಳಿರ್ತೀರಿ. ಅದು ಎಳೆಯೋ ಕರೆಂಟಿಗೆ ಮೀಟರ್ ಒಳಗಿನ ಫ್ಯೂಸ್ ಹಾರುತ್ತೆ. ಬಾನೆಟ್ ಮೊದಲೇ ತೆಗೆದಿಟ್ಟು, ಅದರ ಕೊಂಡಿಯನ್ನ ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಬಾಗಿಲೆಲ್ಲ ಲಾಕ್ ಮಾಡಿ. ಸ್ಮಾರ್ಟ್ ಕೀ ಇದ್ದರೆ ಮನೆಯೊಳಗೆ ಇಡಿ. 30 ನಿಮಿಷ ಕಾಯಿರಿ, ಕಂಪ್ಯೂಟರ್‌ಗಳೆಲ್ಲ ಮಲಗಬೇಕು. ಆಮೇಲಿನ ಅಂಕಿ 50 ಮಿಲಿಆಂಪಿಯರ್ ಒಳಗೆ ಇರಬೇಕು. ಇನ್ನೊಂದು, ಇಗ್ನಿಷನ್ ಆಫ್ ಮಾಡಿದ ತಕ್ಷಣ ಕೇಬಲ್ ಬಿಚ್ಚಬೇಡಿ. ಗೇರಿನ ಕಂಪ್ಯೂಟರ್ ತನ್ನ ಲೆಕ್ಕ ಬರೆದಿಟ್ಟುಕೊಳ್ಳೋಕೆ ಕೆಲವು ನಿಮಿಷ ಕೊಡಿ.

ಘಾಟಿ_ಇಳಿಜಾರು

ಗೇರು ಮತ್ತು ಸ್ಟೀರಿಂಗ್ ವಿಷಯ ನಾನು ಹೇಳ್ತೀನಿ, ಇದನ್ನ ಬಹಳ ಜನ ಗೇರ್‌ಬಾಕ್ಸ್ ದೋಷ ಅಂದ್ಕೊಂಡು ದೊಡ್ಡ ಬಿಲ್ ಕಟ್ಟಿ ಬರ್ತಾರೆ.

ನಮ್ಮಲ್ಲಿ ಓಡೋ ಹೆಚ್ಚಿನ ಎಎಂಟಿಗಳಲ್ಲಿ ಕ್ಲಚ್ ಒತ್ತೋದು, ಗೇರ್ ಹಾಕೋದು ಆಯಿಲ್ ಒತ್ತಡ. ಆ ಒತ್ತಡ ಹುಟ್ಟಿಸೋದು ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್. ಅದಕ್ಕೆ 12 ವೋಲ್ಟ್ ಸರಿಯಾಗಿ ಸಿಗದೇ ಇದ್ದರೆ ಒತ್ತಡ ಏರೋಕೆ ತಡ, ಅಷ್ಟೊತ್ತು ಎನ್ ಮಿಣುಕ್ತಾ ಇರುತ್ತೆ. ಬಾಗಿಲು ತೆಗೆದಾಗ ಬರೋ ಆ ಜುಂಯ್ ಸದ್ದು ಮೊದಲಿಗಿಂತ ಉದ್ದ, ದಪ್ಪ ಆಗಿದ್ದರೆ ಮೊದಲು ಬ್ಯಾಟರಿ ನೋಡಿ.

ಟಕಟಕ ಸದ್ದೂ ಹೀಗೇ. ಸೆಲ್ಫ್ ಮೋಟಾರಿನ ಸೊಲೆನಾಯ್ಡ್ (ಕರೆಂಟಿನಿಂದ ಎಳೆಯೋ ಅಯಸ್ಕಾಂತದ ಸ್ವಿಚ್) ಎಳೆದು ಕಾಂಟ್ಯಾಕ್ಟ್ ಸೇರಿಸುತ್ತೆ, ಮೋಟಾರು ನೂರಕ್ಕೂ ಮೇಲೆ ಆಂಪಿಯರ್ ಕೇಳುತ್ತೆ, ವೋಲ್ಟೇಜ್ ಕುಸಿಯುತ್ತೆ, ಸೊಲೆನಾಯ್ಡ್ ಹಿಡಿತ ಬಿಡುತ್ತೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತೆ, ಮತ್ತೆ ಎಳೆಯುತ್ತೆ. ಒಂದೇ ಒಂದು "ಟಕ್" ಬಂದು, ಹೆಡ್‌ಲೈಟ್ ಚೂರೂ ಮಂಕಾಗದೇ ಇದ್ದರೆ ಮಾತ್ರ ಸೆಲ್ಫ್ ಮೋಟಾರಿನ ಕಡೆ ನೋಡಬೇಕು.

ಇಪಿಎಸ್ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕ್ಷಣಕ್ಕೆ ಹತ್ತಾರು ಆಂಪಿಯರ್ ಎಳೆಯುತ್ತೆ. ಐಡಲ್‌ನಲ್ಲಿ ಡೈನಮೋ ಅಷ್ಟು ಕೊಡಲ್ಲ, ಕೊರತೆ ತುಂಬೋದು ಬ್ಯಾಟರಿ. ಬ್ಯಾಟರಿ ಕೊಡದಿದ್ದರೆ ಹೆಡ್‌ಲೈಟ್ ಮಂಕು, ಇಪಿಎಸ್ ದೀಪ.

ಎಎಂಟಿಯವರು ಒಂದು ಮಾತು ಮರೀಬೇಡಿ: ಬ್ಯಾಟರಿ ಪೂರ್ತಿ ಡೌನ್ ಆದರೆ ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ. ಕ್ಲಚ್ ಪೆಡಲ್ಲೇ ಇಲ್ಲ, ಪಂಪಿಗೂ ಕರೆಂಟಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದರೆ ನ್ಯೂಟ್ರಲ್‌ಗೂ ಬರಲ್ಲ, ಮುಂದಿನ ಚಕ್ರ ಎತ್ತಿಯೇ ಟೋ ಮಾಡಬೇಕು. ಜಂಪರ್ ಕೇಬಲ್ ಡಿಕ್ಕಿಯಲ್ಲಿರಲಿ.

ಮೈಸೂರು_ಎಎಂಟಿ

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹೇಳಿದ ಹಾಗೇ ಮಾಡಿದೆ. 12 ಗಂಟೆ ಚಾರ್ಜ್, 12 ಗಂಟೆ ಬಿಟ್ಟು: 12.5. ಸೆಲ್ಫ್ ಹೊಡೆಯುವಾಗ ಪೋಸ್ಟ್ ಮೇಲೆ 9.3. ನೆಗೆಟಿವ್ ಪೋಸ್ಟಿನಿಂದ ಬ್ಲಾಕಿಗೆ 0.4. ಲಾಕ್ ಮಾಡಿ 30 ನಿಮಿಷದ ಮೇಲೆ 160 ಮಿಲಿಆಂಪಿಯರ್. ಎಲ್ಲಾ ಲೋಡ್ ಹಾಕಿದಾಗ ಚಾರ್ಜಿಂಗ್ 13.8, ಎಸಿ ವೋಲ್ಟ್ಸ್ 0.03. ಡ್ಯಾಶ್‌ಕ್ಯಾಮ್ ಒಂದು ಹಾಕಿಸಿದ್ದೀನಿ, ಅದರ ಪ್ಲಗ್ ತೆಗೆದ್ರೆ 160 ಹೋಗಿ 25 ಆಗುತ್ತೆ.

ಸೆಲ್ಫ್_ಡೈನಮೋ_ದಾವಣಗೆರೆ

ಡೈನಮೋ ಮುಟ್ಟಬೇಡಿ, ಅದು ಚೆನ್ನಾಗಿದೆ. ಕಳ್ಳ ಸಿಕ್ಕಿದ್ದಾನೆ.

160 ಮಿಲಿಆಂಪಿಯರ್ 24 ಗಂಟೆಗೆ 3.8 ಆಂಪಿಯರ್-ಅವರ್. ನಿಮ್ಮ ಓಡಾಟ ಎರಡೂ ಕಡೆ ಸೇರಿ ಅರ್ಧ ಗಂಟೆ. ಸರಾಸರಿ 6 ಆಂಪಿಯರ್ ಬ್ಯಾಟರಿಗೆ ಹೋಯ್ತು ಅಂದ್ಕೊಂಡರೂ ಸೇರೋದು 3. ದಿನಾ 0.8 ಸಾಲ. ಮೂರು ವಾರಕ್ಕೆ 16-17, ಅಂದ್ರೆ 35ರ ಬ್ಯಾಟರಿಯಲ್ಲಿ ಅರ್ಧ ಖಾಲಿ. ಹಾಗೆ ಅರ್ಧದಲ್ಲೇ ತಿಂಗಳುಗಟ್ಟಲೆ ನಿಂತ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತೆ, ಮತ್ತೆ ಕರಗಲ್ಲ. ಪೂರ್ತಿ ಚಾರ್ಜ್ ಮಾಡಿಯೂ 12.5ಕ್ಕೆ ನಿಂತು, ಲೋಡಿಗೆ 9.3ಕ್ಕೆ ಬಿದ್ದಿದ್ದು ಇದರಿಂದಲೇ. ಬ್ಯಾಟರಿ ಬದಲಿಸಲೇಬೇಕು. ಆದರೆ ಡ್ಯಾಶ್‌ಕ್ಯಾಮ್ ವೈರನ್ನ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರೋ ಫ್ಯೂಸಿಗೆ ಹಾಕಿಸದೇ ಹೊಸದು ಹಾಕಿದರೆ ಅದೂ ಇದೇ ದಾರಿ ಹಿಡಿಯುತ್ತೆ. ಪಾರ್ಕಿಂಗ್ ಮೋಡ್ (ಗಾಡಿ ನಿಂತಾಗಲೂ ಕ್ಯಾಮೆರಾ ಓಡೋದು) ಬೇಕೇ ಬೇಕು ಅಂದ್ರೆ 12.2ಕ್ಕೆ ಕಟ್ ಆಗೋ ಹಾರ್ಡ್‌ವೈರ್ ಕಿಟ್ ಹಾಕಿಸಿ.

0.4 ವೋಲ್ಟನ್ನ ಸಣ್ಣದು ಅನ್ನಬೇಡಿ. ಸೆಲ್ಫಿಗೆ 150 ಆಂಪಿಯರ್ ಹರಿಯುವಾಗ 60 ವಾಟ್ ಅರ್ಥ್ ದಾರಿಯಲ್ಲೇ ಬಿಸಿಯಾಗಿ ಹೋಗ್ತಿದೆ. ಅರ್ಥ್ ಕೇಬಲ್ ಬಾಡಿಗೆ, ಗೇರ್‌ಬಾಕ್ಸಿಗೆ ಕೂರೋ ಬೋಲ್ಟುಗಳನ್ನ ಬಿಚ್ಚಿ, ಉಪ್ಪು ಕಾಗದದಲ್ಲಿ ಹೊಳೆಯೋ ಲೋಹ ಕಾಣೋವರೆಗೆ ಉಜ್ಜಿ, ಬಿಗಿ ಮಾಡಿ. ಪೋಸ್ಟ್ ಮೇಲೆ ಬಿಳಿ-ಹಸಿರು ಪುಡಿ ಇದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ತೊಳೆಯಿರಿ, ಒರೆಸಿ, ಕ್ಲ್ಯಾಂಪ್ ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಅರ್ಥ್ ಸರಿ ಮಾಡಿದ ಮೇಲೆ ಪೋಸ್ಟ್ ಮೇಲಿನ ರೀಡಿಂಗ್ ಏರಲ್ಲ, ಗಾಬರಿಯಾಗಬೇಡಿ. ಏರೋದು ಮೋಟಾರಿಗೆ ತಲುಪೋ ವೋಲ್ಟೇಜ್. ಸೆಲ್ಫ್ ಸದ್ದಲ್ಲೇ ಗೊತ್ತಾಗುತ್ತೆ.

ಪಿಕಪ್, ಮೈಲೇಜ್ ಬಗ್ಗೆ ನೇರ ಉತ್ತರ: ಎಂಜಿನ್ ಓಡ್ತಿರುವಾಗ 14.2 ಇದ್ದರೆ ಇಂಜೆಕ್ಟರ್, ಕಾಯಿಲ್, ಫ್ಯುಯಲ್ ಪಂಪ್ ಎಲ್ಲಕ್ಕೂ ಡೈನಮೋದಿಂದಲೇ ಬೇಕಾದಷ್ಟು ಸಿಗ್ತಿದೆ. ಬ್ಯಾಟರಿ ವೀಕ್ ಅಂತ ಓಡುವಾಗ ಪಿಕಪ್ ಬೀಳಲ್ಲ. ವೋಲ್ಟೇಜೇ 12ರ ಕೆಳಗೆ ಇಳಿದರೆ ಆಗ ಇಂಜೆಕ್ಟರ್ ತಡವಾಗಿ ತೆರೆಯುತ್ತೆ, ಪಂಪ್ ಒತ್ತಡ ಬೀಳುತ್ತೆ, ಕಿಡಿ ಬಡವಾಗುತ್ತೆ. ಅದು ಡೈನಮೋ ಹೋದಾಗಿನ ಕಥೆ, ನಿಮ್ಮದಲ್ಲ. ಬ್ಯಾಟರಿ 10 ಆಂಪಿಯರ್ ಹೆಚ್ಚಿಗೆ ಎಳೆದರೂ ಎಂಜಿನ್ ಮೇಲೆ ಬೀಳೋ ಭಾರ ಕಾಲು ಕಿಲೋವಾಟ್ ಆಸುಪಾಸು. ಅದರಿಂದ 15 ಹೋಗಿ 12 ಆಗಲ್ಲ. 4 ಕಿ.ಮೀ. ಓಡಾಟದಲ್ಲಿ ಎಂಜಿನ್ ಬಿಸಿಯಾಗೋ ಹೊತ್ತಿಗೆ ಆಫೀಸ್ ಬಂದಿರುತ್ತೆ, ತಣ್ಣಗಿರೋ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಟೈರ್ ಗಾಳಿ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ.

ಹುಬ್ಳಿ_ಐಎಸ್‌ಎಸ್

ನಡುವೆ ಬಾಯಿ ಹಾಕ್ತೀನ್ರಿ. ನನ್ನ ಗಾಡ್ಯಾಗ ಸಿಗ್ನಲ್‌ನಾಗ ತಾನಾಗೇ ಎಂಜಿನ್ ಬಂದ್ ಆಗೋದು ಎರಡು ತಿಂಗಳಿಂದ ನಿಂತೈತಿ. ಸ್ಟಾರ್ಟಿಂಗ್ ಛಲೋ ಐತಿ. ಇದೂ ಬ್ಯಾಟರೀನ ಏನ್ರಿ?

ಘಾಟಿ_ಇಳಿಜಾರು

ಹೆಚ್ಚಿನ ಸಲ ಹೌದು ರೀ. ನೆಗೆಟಿವ್ ಪೋಸ್ಟ್ ಮೇಲೆ ಒಂದು ಸೆನ್ಸರ್ ಕೂತಿರುತ್ತೆ, ಚಾರ್ಜ್ ಕಮ್ಮಿ ಅಂತ ಅದು ಹೇಳಿದ ಕೂಡಲೇ ಮೊದಲು ನಿಲ್ಲೋದು ಐಡಲ್ ಸ್ಟಾಪ್. ಸ್ಟಾರ್ಟಿಂಗ್ ತೊಂದರೆ ಆಮೇಲೆ ಬರುತ್ತೆ. ಎಸಿ ಜೋರಾಗಿದ್ದರೂ, ಎಂಜಿನ್ ತಣ್ಣಗಿದ್ದರೂ ಅದು ನಿಲ್ಲುತ್ತೆ, ಆದರೆ ಎರಡು ತಿಂಗಳಿಂದ ಒಂದು ಸಲವೂ ಇಲ್ಲ ಅಂದ್ರೆ ಬ್ಯಾಟರಿ ಟೆಸ್ಟ್ ಮಾಡಿಸಿ. ಬದಲಿಸುವಾಗ ಇಎಫ್‌ಬಿ ಅಥವಾ ಎಜಿಎಂ (ಎರಡೂ ಪದೇಪದೇ ಸ್ಟಾರ್ಟ್ ತಡೆಯೋ ಬ್ಯಾಟರಿ), ಮೊದಲಿದ್ದ ಜಾತಿಯದ್ದೇ ಹಾಕಿಸಿ. ಕಮ್ಮಿ ಬೆಲೆ ಅಂತ ಮಾಮೂಲಿ ಬ್ಯಾಟರಿ ಹಾಕಿದರೆ ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆಯೋ ಪೆಟ್ಟನ್ನ ಅದು ಬಹಳ ಕಾಲ ತಡೆಯಲ್ಲ. ಹೊರಗಿನ ಚಾರ್ಜರ್ ಹಾಕುವಾಗ ಕಪ್ಪು ಕ್ಲಿಪ್ ಬ್ಯಾಟರಿ ಪೋಸ್ಟಿಗೆ ಬೇಡ, ಬಾಡಿ ಅರ್ಥಿಗೆ ಹಾಕಿ. ಪೋಸ್ಟಿಗೆ ಹಾಕಿದರೆ ಒಳಗೆ ಹೋದ ಚಾರ್ಜು ಸೆನ್ಸರ್ ಲೆಕ್ಕಕ್ಕೆ ಸಿಗಲ್ಲ.

ಮೈಸೂರು_ಎಎಂಟಿ

ಅರ್ಥ್ ಬೋಲ್ಟ್ ಉಜ್ಜಿ ಬಿಗಿ ಮಾಡಿದೆ, ಈಗ 0.1. ಡ್ಯಾಶ್‌ಕ್ಯಾಮ್ ವೈರ್ ಬದಲಿಸಿದ್ದೂ ಆಯ್ತು. ಅಂಗಡಿಯವರು 35ರ ಬದಲು 45 ಹಾಕ್ತೀನಿ, ಒಳ್ಳೇದು ಅಂತಿದ್ದಾರೆ. ಹಾಕಿಸಲಾ?

ಸೆಲ್ಫ್_ಡೈನಮೋ_ದಾವಣಗೆರೆ

ಟ್ರೇಗೆ ಸರಿಯಾಗಿ ಕೂತು, ಮೇಲಿನ ಕ್ಲ್ಯಾಂಪ್ ಬಿಗಿ ಆದರೆ ತೊಂದರೆಯಿಲ್ಲ. ಅಲುಗಾಡೋ ಬ್ಯಾಟರಿಯಲ್ಲಿ ಪ್ಲೇಟ್ ಉದುರುತ್ತೆ. ಆದರೆ ನಿಮ್ಮ ಓಡಾಟಕ್ಕೆ ದೊಡ್ಡದರಿಂದ ಲಾಭ ಇಲ್ಲ, ತುಂಬಿಸೋಕೆ ಇನ್ನೂ ಹೊತ್ತು ಬೇಕು. 35ನ್ನೇ ಹಾಕಿಸಿ, ಎಲ್ ಅಕ್ಷರ ತಪ್ಪಬೇಡಿ. ಆರ್ ತಂದರೆ ಪಾಸಿಟಿವ್, ನೆಗೆಟಿವ್ ಜಾಗ ಅದಲುಬದಲಾಗಿ ಕೇಬಲ್ ಎಟುಕಲ್ಲ.

ತಯಾರಿಯ ತಿಂಗಳು ನೋಡಿ, ಆರು ತಿಂಗಳಿಗಿಂತ ಹಳೇದು ಬೇಡ. ಹಾಕೋ ಮುಂಚೆ ಅಂಗಡಿಯಲ್ಲೇ ನಿಮ್ಮ ಮೀಟರ್ ಇಡಿ, 12.5ಕ್ಕಿಂತ ಕಮ್ಮಿ ಇದ್ದರೆ ಬೇರೆ ಕೇಳಿ. ವಾರಂಟಿ 24+24, 30+30 ಅಂತೆಲ್ಲ ಬರೆದಿರುತ್ತೆ: ಮೊದಲರ್ಧ ಪೂರ್ತಿ ಉಚಿತ, ಎರಡನೇ ಅರ್ಧದಲ್ಲಿ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಕಾರ್ಡಿನಲ್ಲಿ ಸೀರಿಯಲ್ ನಂಬರ್, ತಾರೀಖು ಬರೆಸಿಕೊಳ್ಳಿ. ಹಳೇದನ್ನ ಅಂಗಡಿಗೇ ಕೊಟ್ಟು ಬಿಲ್ಲಿನಲ್ಲಿ ಕಡಿತ ಮಾಡಿಸಿ. ಗುಜರಿಗೆ ಬೇಡ, ಆಸಿಡ್ ಮೋರಿಗೆ ಚೆಲ್ಲಿ ಸೀಸ ತೆಗೆದುಕೊಳ್ಳೋರು ಇದ್ದಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಗಳ ಸಂಗ್ರಹ, ಮರುಬಳಕೆಯ ಜವಾಬ್ದಾರಿ ತಯಾರಕರದ್ದು.

ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಹಾಕಿದ ಮೇಲೆ ಎಸಿ ಇಲ್ಲದೆ ಹತ್ತು ನಿಮಿಷ ಐಡಲ್ ಬಿಡಿ, ಥ್ರಾಟಲ್ ತನ್ನ ಐಡಲ್ ಮತ್ತೆ ಕಲಿಯುತ್ತೆ. ಮೊದಲ ಒಂದೆರಡು ದಿನ ಗೇರ್ ಚೂರು ಜರ್ಕ್ ಹೊಡೆಯಬಹುದು. ವಾರ ಕಳೆದರೂ ಹಾಗೇ ಇದ್ದರೆ ಸ್ಕ್ಯಾನರ್ ಹಾಕಿಸಿ ಕ್ಲಚ್ ಲರ್ನಿಂಗ್ (ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಗೇರಿನ ಕಂಪ್ಯೂಟರಿಗೆ ಮತ್ತೆ ಕಲಿಸೋದು) ಮಾಡಿಸಿ. ತಿಂಗಳಿಗೆ ಎರಡು ಸಲ ನಂಜನಗೂಡಿನವರೆಗೆ ಒಂದು ಗಂಟೆ ಓಡಿಸಿಕೊಂಡು ಬನ್ನಿ. ಅದು ಆಗಲ್ಲ ಅಂದ್ರೆ ತಿಂಗಳಿಗೊಮ್ಮೆ ರಾತ್ರಿ ಚಾರ್ಜರ್‌ಗೆ ಹಾಕಿ.

ಮೈಸೂರು_ಎಎಂಟಿ

35, ಎಲ್, ಹೋದ ತಿಂಗಳ ತಯಾರಿ, ಅಂಗಡಿಯಲ್ಲಿ 12.62. ಹಾಕಿಸಿ ಐದು ದಿನ ಆಯ್ತು. ಬೆಳಗ್ಗೆ 12.6, ಸೆಲ್ಫ್ ಹೊಡೆಯುವಾಗ 10.7. ರಿವರ್ಸ್ ತಕ್ಷಣ ಬೀಳ್ತಿದೆ, ಸ್ಟೀರಿಂಗ್ ತಿರುಗಿಸಿದ್ರೂ ಹೆಡ್‌ಲೈಟ್ ಹಾಗೇ ಇರುತ್ತೆ. ಏರ್ ಫಿಲ್ಟರ್ ತೆಗೆದು ನೋಡಿದೆ, ಮಡಿಕೆಗಳ ನಡುವೆ ಮಣ್ಣು ಕಟ್ಟಿತ್ತು, ಬದಲಿಸಿದೆ. ಮೈಲೇಜ್ ಎಷ್ಟಾಯ್ತು ಅಂತ ಎರಡು ಟ್ಯಾಂಕ್ ಆದ ಮೇಲೆ ಇಲ್ಲೇ ಬರೀತೀನಿ.